ಶನಿವಾರದ ಕ್ಲೋ ಲೂಸೆ ಪ್ರವಾಸ: ಗುರುವಾರದೊಳಗೆ ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ,

ಈ ಶನಿವಾರ ಫ್ರಾನ್ಸ್‌ನ ಅಂಬ್ವಾಜ್ ಊರಿಗೆ, ಅಲ್ಲಿನ ಕ್ಲೋ ಲೂಸೆ ಎಂಬ ಹಳೇ ಮನೆ ನೋಡೋಕೆ ಹೋಗುವವರಿಗೆ ಮಾತ್ರ ಈ ಮೆಸೇಜ್. ಬೆಳಿಗ್ಗೆ 7ಕ್ಕೆ ಪ್ಯಾರಿಸ್‌ನ ಆಸ್ಟರ್ಲಿಟ್ಸ್ ಸ್ಟೇಷನ್‌ನಲ್ಲಿ ಸೇರೋಣ. ಕಳೆದ ಸಲ ಮೂರು ಜನ ತಡವಾಗಿ ಬಂದು ರೈಲೇ ತಪ್ಪಿತು, ನೆನಪಿದೆ ಅಲ್ವಾ?

ಕ್ಲೋ ಲೂಸೆ ದೊಡ್ಡ ಅರಮನೆಯಲ್ಲ, ಹಳ್ಳಿ ಜಮೀನ್ದಾರರ ಬಂಗಲೆ ಥರದ ಮನೆ. 1471ರಲ್ಲಿ ಕಟ್ಟಿದ್ದು. 1490ರಲ್ಲಿ ಫ್ರಾನ್ಸ್‌ನ ರಾಜ ಎಂಟನೇ ಶಾರ್ಲ್ ಕೊಂಡುಕೊಂಡ, ರಾಣಿ ಆನ್‌ಗಾಗಿ ಪಕ್ಕದಲ್ಲೇ ಪುಟ್ಟ ಪ್ರಾರ್ಥನಾ ಮಂದಿರ ಕಟ್ಟಿಸಿದ. 1516ರಲ್ಲಿ ರಾಜ ಒಂದನೇ ಫ್ರಾನ್ಸ್ವಾ ಕರೆದ ಅಂತ ಲಿಯೊನಾರ್ಡೊ ಡಾ ವಿಂಚಿ ಇಟಲಿಯಿಂದ ಇಲ್ಲಿಗೆ ಬಂದು, 1519ರ ಮೇ 2ರಂದು ಇಲ್ಲೇ ತೀರಿಕೊಂಡರು.

ಒಳಗೆ ನುಗ್ಗುವ ಮುಂಚೆ ಅಂಗಳದಲ್ಲಿ ಎರಡು ನಿಮಿಷ ಸುಮ್ನೆ ನಿಂತು ಗೋಡೆ ನೋಡಿ. ಗುಲಾಬಿ ಬಣ್ಣದ ಇಟ್ಟಿಗೆ, ಕಿಟಕಿ ಬಾಗಿಲಿನ ಸುತ್ತ ಮಾತ್ರ ಬಿಳಿ ಕಲ್ಲು. ಆ ಕಲ್ಲಿನ ಹೆಸರು ತುಫೋ, ಇಲ್ಲಿನ ಲ್ವಾರ್ ನದಿಯ ಕಣಿವೆಯದು, ಮೆತ್ತಗಿರುವುದರಿಂದ ಕೆತ್ತನೆ ಸುಲಭ, ಆದರೆ ಮಳೆಗೆ ಬೇಗ ಸವೆಯುತ್ತದೆ. ಗೋಪುರದೊಳಗೆ ಸುತ್ತು ಮೆಟ್ಟಿಲಿದೆ, ಮಂಡಿನೋವಿನವರು ನಿಧಾನವಾಗಿ ಹತ್ತಿ. ನೆಲಮಾಳಿಗೆಯಲ್ಲಿ ಸುರಂಗದ ಬಾಯಿ ಇದೆ, ಲಿಯೊನಾರ್ಡೊರನ್ನು ನೋಡೋಕೆ ರಾಜ ಫ್ರಾನ್ಸ್ವಾ ಅದರಲ್ಲಿ ಬರುತ್ತಿದ್ದ ಅಂತ ಕಥೆ. ನನಗಂತೂ ಅಡುಗೆಮನೆಯ ಒಲೆಯೇ ಜಾಸ್ತಿ ಇಷ್ಟ!

ಊಟ ಕಟ್ಟಿಕೊಂಡು ಬನ್ನಿ, ತೋಟದಲ್ಲಿ ಕೂತು ತಿನ್ನೋಣ. ಚಿತ್ರಾನ್ನ ನನ್ನದು, ಮೊಸರನ್ನ ಯಾರು ತರ್ತೀರಿ? ಎಷ್ಟು ಜನ, ಮಕ್ಕಳೆಷ್ಟು ಅಂತ ಗುರುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ, ಟಿಕೆಟ್ ಒಟ್ಟಿಗೇ ಮಾಡಿಸಬೇಕು. ಬರೀ ಹೆಬ್ಬೆರಳು ತೋರಿಸಿದರೆ ಲೆಕ್ಕಕ್ಕಿಲ್ಲ.