ಪ್ರೇಮಕಥೆ ಬಿಡಬೇಡ, ಆದರೆ ಸುಮ್ನೆ ನಂಬಬೇಡ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಓದಿದೆ. ಪ್ರೇಮಕಥೆ, ಮಾಯಾಲೋಕದ ಕಥೆ ಅಂತ ಓದುತ್ತಾ ಕೂತರೆ ತಲೆ ಬೆಳೆಯುವುದಿಲ್ಲ, ಗಂಭೀರವಾದ ಪುಸ್ತಕ ಏನಾದರೂ ಹಿಡಿ ಅಂತ ಯಾರೋ ಅಂದರಂತೆ. ಅವತ್ತಿನಿಂದ ಆ ಪುಸ್ತಕಗಳನ್ನು ನಾಲ್ಕು ಜನರ ಮುಂದೆ ತೆಗೆಯುವುದಕ್ಕೂ ಸಂಕೋಚ ಆಗುತ್ತಿದೆ, ಬಿಟ್ಟುಬಿಡಲಾ ದೊಡ್ಡಮ್ಮ ಅಂತ ಕೇಳಿದ್ದೀಯ.

ಬಿಡಬೇಡ. ಹಾಗಂತ ಈಗ ಓದುತ್ತಿರುವ ಹಾಗೇ ಓದುತ್ತಾ ಹೋಗು ಅಂತಲೂ ನಾನು ಹೇಳುವುದಿಲ್ಲ. ನೀನು ಅಷ್ಟು ಹೊಗಳಿ ಕಳಿಸಿದ್ದ ಪುಸ್ತಕವನ್ನು ನಾನೂ ಪೂರ್ತಿ ಓದಿದೆ. ಅದರ ಬಗ್ಗೆ ನಿನ್ನ ಜೊತೆ ಜಗಳ ಇದೆ, ಆಮೇಲೆ ಬರುತ್ತೇನೆ.

ಮೊದಲು ಈ ನಾಚಿಕೆಯ ವಿಷಯ ಮುಗಿಸೋಣ. ಕಾದಂಬರಿ ಓದುವುದನ್ನು, ಅದರಲ್ಲೂ ಹುಡುಗಿಯರು ಓದುವುದನ್ನು, ಕೀಳಾಗಿ ನೋಡುವುದು ಹೊಸದೇನಲ್ಲ. ಜೇನ್ ಆಸ್ಟಿನ್ ಅವರ ಮೊದಲ ಕಾದಂಬರಿ 1811ರಲ್ಲಿ ಅಚ್ಚಾದಾಗ ಅದರ ಮೇಲೆ ಲೇಖಕಿಯ ಹೆಸರೇ ಇರಲಿಲ್ಲ, ಒಬ್ಬ ಮಹಿಳೆ ಬರೆದದ್ದು ಅಂತ ಮಾತ್ರ ಇತ್ತು. 1847ರಲ್ಲಿ ಶಾರ್ಲೆಟ್ ಬ್ರಾಂಟೆ ತಮ್ಮ 'ಜೇನ್ ಐರ್' ಅನ್ನು ಕರರ್ ಬೆಲ್ ಅನ್ನುವ, ಗಂಡಸಿನದೋ ಹೆಂಗಸಿನದೋ ಗೊತ್ತಾಗದ ಹೆಸರಿನಲ್ಲಿ ಹೊರತಂದರು. ಕನ್ನಡದಲ್ಲೂ ಹೆಂಗಸರು ಬರೆದದ್ದನ್ನು ಅಡುಗೆಮನೆ ಸಾಹಿತ್ಯ ಅಂತ ಪಕ್ಕಕ್ಕೆ ಸರಿಸಿದವರಿದ್ದರು. ಇವತ್ತು ಆಸ್ಟಿನ್, ಬ್ರಾಂಟೆ ಇಬ್ಬರನ್ನೂ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿಲ್ಲ, ಬದಲಾದದ್ದು ನೋಡುವವರ ಕಣ್ಣು. ಹಾಗಾಗಿ ನಿನಗೆ ಬುದ್ಧಿ ಹೇಳಿದವರನ್ನು ಒಂದೇ ಒಂದು ಕೇಳು: ನೀವು ಈ ಪುಸ್ತಕ ಓದಿದ್ದೀರಾ? ಓದಿದ್ದರೆ ಕೂತು ಮಾತಾಡು, ಅವರ ಮಾತಿನಲ್ಲೂ ಹುರುಳಿರಬಹುದು. ಓದಿಲ್ಲದಿದ್ದರೆ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇನ್ನೊಂದು ಆಕ್ಷೇಪಣೆ ಬರುತ್ತೆ. ಕೊನೆ ಏನಾಗುತ್ತೆ ಅಂತ ಮೊದಲೇ ಗೊತ್ತಿರುವ ಕಥೆ ಯಾಕೆ ಓದಬೇಕು, ಇಬ್ಬರೂ ಒಂದಾಗುತ್ತಾರೆ ತಾನೇ ಅಂತ. ಪತ್ತೇದಾರಿ ಕಾದಂಬರಿಯಲ್ಲೂ ಕೊನೆಗೆ ಕೊಲೆಗಾರ ಸಿಕ್ಕೇ ಸಿಗುತ್ತಾನೆ, ಅಲ್ವಾ? ಅದಕ್ಕೆ ಯಾರೂ ಹೀಗೆ ಕೇಳುವುದಿಲ್ಲ. ಪ್ರೇಮಕಥೆಯಲ್ಲಿ ಏನಾಗುತ್ತೆ ಅನ್ನುವುದಕ್ಕಿಂತ ಹೇಗಾಗುತ್ತೆ ಅನ್ನುವುದು ಮುಖ್ಯ. ಕೊನೆ ಗೊತ್ತಿದ್ದೂ 'ಇವರು ಹೇಗಪ್ಪಾ ಒಂದಾಗುತ್ತಾರೆ' ಅಂತ ನಮ್ಮನ್ನು ನಿದ್ದೆಗೆಡಿಸುವುದು ಸುಲಭದ ಕೆಲಸ ಅಲ್ಲ.

ಫ್ಯಾಂಟಸಿಗೆ ಹೇಳುವ ಮಾತು ಬೇರೆ. ಅದು ವಾಸ್ತವದಿಂದ ಓಡಿಹೋಗುವುದು ಅನ್ನುತ್ತಾರೆ. ಇದಕ್ಕೆ 'ದ ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ 1939ರಲ್ಲಿ ಒಂದು ಉಪನ್ಯಾಸದಲ್ಲಿ ಚೆನ್ನಾಗಿ ಉತ್ತರ ಕೊಟ್ಟಿದ್ದಾರೆ. ಜೈಲಿನಲ್ಲಿರುವವನು ಹೊರಗೆ ಹೋಗಬೇಕು, ಮನೆ ಸೇರಬೇಕು ಅಂದುಕೊಳ್ಳುವುದರಲ್ಲಿ ತಪ್ಪೇನಿದೆ, ಅದನ್ನೂ ಯುದ್ಧ ಬಿಟ್ಟು ಓಡಿಹೋಗುವುದನ್ನೂ ಒಂದೇ ಅನ್ನಬೇಡಿ ಅನ್ನುವುದು ಅವರ ಮಾತಿನ ಸಾರ. ಇದನ್ನು ಹೇಳಿದವರು 1916ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಸೊಮ್ ಕದನದ ಕಂದಕಗಳಲ್ಲಿ ಇದ್ದು ಬಂದವರು. ಅವರಿಗೆ ವಾಸ್ತವ ಗೊತ್ತಿರಲಿಲ್ಲ ಅಂತ ಹೇಳುವುದಕ್ಕಾಗುವುದಿಲ್ಲ.

ಸರಿ, ನಾಚಿಕೆಯ ವಿಷಯ ಇಷ್ಟು ಸಾಕು. ಈಗ ಜಗಳಕ್ಕೆ ಬರುತ್ತೇನೆ.

ನೀನು ಕಳಿಸಿದ ಆ ಪುಸ್ತಕದಲ್ಲಿ ನಾಯಕನಿಗೆ ಐನೂರು ವರ್ಷ ವಯಸ್ಸು, ನೋಡಲು ಚಂದ, ಮಾತು ಕಡಿಮೆ. ನಾಯಕಿ ಬೇಡ ಅಂದರೆ ಅವನಿಗೆ ಕೇಳಿಸುವುದಿಲ್ಲ. ಅವಳು ಎಲ್ಲಿ ಹೋಗುತ್ತಾಳೆ ಅಂತ ಹಿಂದೆ ಆಳು ಇಡುತ್ತಾನೆ. ಅವಳ ಹತ್ತಿರ ಬೇರೆ ಯಾರಾದರೂ ನಕ್ಕು ಮಾತಾಡಿದರೆ ಗೋಡೆ ಒಡೆಯುತ್ತಾನೆ. ಇದನ್ನೆಲ್ಲಾ ಲೇಖಕರು ಪ್ರೀತಿ ಅಂತ ಕರೆಯುತ್ತಾರೆ, ಓದುತ್ತಾ ಓದುತ್ತಾ ನೀನೂ ಹಾಗೇ ಅಂದುಕೊಂಡಿದ್ದೀಯ. ಪುಟ್ಟಿ, ಅವನಿಗಿರುವ ಮಾಯಾಶಕ್ತಿ, ರಾಜ್ಯ, ಆ ಹಸಿರು ಕಣ್ಣು ಎಲ್ಲವನ್ನೂ ತೆಗೆದುಬಿಟ್ಟು ಅವನನ್ನು ಒಬ್ಬ ಸಾಮಾನ್ಯ ಗಂಡಸು ಅಂದುಕೋ. ಅವನು ನಿನ್ನ ಗೆಳತಿಯ ಜೊತೆ ಹೀಗೆ ನಡೆದುಕೊಂಡರೆ ನೀನು ಅವಳಿಗೆ ಏನು ಹೇಳುತ್ತೀಯ? ಅವನ ಸಹವಾಸವೇ ಬೇಡ, ಮೊದಲು ಹೊರಗೆ ಬಾ ಅನ್ನುತ್ತೀಯ. ಕಥೆಯಲ್ಲಿ ಕೆಟ್ಟ ಗಂಡಸು ಇರಬಾರದು ಅಂತ ನಾನು ಹೇಳುತ್ತಿಲ್ಲ, ಇರಲಿ, ಅಂಥವನಿಂದಲೇ ಒಳ್ಳೆಯ ಕಥೆ ಹುಟ್ಟುವುದೂ ಉಂಟು. ಆದರೆ ಅವನು ಮಾಡುವುದು ಎಂಥದ್ದು ಅಂತ ಪುಸ್ತಕಕ್ಕೆ ಗೊತ್ತಿರಬೇಕು. ನೀನು ಕಳಿಸಿದ ಪುಸ್ತಕಕ್ಕೆ ಗೊತ್ತಿಲ್ಲ. ನನ್ನ ಸಿಟ್ಟು ಅದಕ್ಕೆ.

ಇದನ್ನು ಆಸ್ಟಿನ್ ಅವರ 'ಪ್ರೈಡ್ ಅಂಡ್ ಪ್ರೆಜುಡಿಸ್' ಪಕ್ಕದಲ್ಲಿಟ್ಟು ನೋಡು. 1813ರ ಪುಸ್ತಕ. ನಾಯಕ ಡಾರ್ಸಿ ನಾಯಕಿ ಎಲಿಜಬೆತ್ ಹತ್ತಿರ ಮೊದಲ ಸಲ ಮದುವೆಯ ಮಾತೆತ್ತುವುದು 34ನೇ ಅಧ್ಯಾಯದಲ್ಲಿ, ಪುಸ್ತಕದಲ್ಲಿರುವುದು 61 ಅಧ್ಯಾಯ. ಅಂದರೆ ಹೆಚ್ಚುಕಡಿಮೆ ಮಧ್ಯದಲ್ಲಿ. ಪ್ರೀತಿ ಹೇಳಿಕೊಳ್ಳುವಾಗಲೂ ಅವನು ನಿಮ್ಮ ಮನೆಯವರು ನಮಗಿಂತ ಕಡಿಮೆ, ಆದರೂ ತಡೆಯಲಾಗದೆ ಕೇಳುತ್ತಿದ್ದೇನೆ ಅನ್ನುವ ಹಾಗೆ ಮಾತಾಡುತ್ತಾನೆ. ಎಲಿಜಬೆತ್ ಒಪ್ಪುವುದಿಲ್ಲ, ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುತ್ತಾಳೆ. ಅವನಿಗೆ ಆ 'ಬೇಡ' ಕೇಳಿಸುತ್ತೆ! ಮಾರನೆಯ ದಿನ ಒಂದು ಕಾಗದ ಕೈಗಿತ್ತು ಹೊರಟುಹೋಗುತ್ತಾನೆ. ಆ ಕಾಗದವನ್ನು ಅವಳು ಓದುವ ಅಧ್ಯಾಯವನ್ನು ನಿಧಾನವಾಗಿ ಓದು. ಮೊದಲ ಸಲ ಸಿಟ್ಟಿನಲ್ಲಿ ಓದುತ್ತಾಳೆ, ಇದೆಲ್ಲಾ ಸುಳ್ಳು ಅಂದು ಮಡಚಿಡುತ್ತಾಳೆ, ಅರ್ಧ ನಿಮಿಷದಲ್ಲಿ ಮತ್ತೆ ಬಿಡಿಸುತ್ತಾಳೆ, ಒಂದೊಂದೇ ವಾಕ್ಯ ತೂಗಿ ನೋಡುತ್ತಾ ಹೋದ ಹಾಗೆ ತಾನು ಜನರನ್ನು ಎಷ್ಟು ತಪ್ಪಾಗಿ ಅಳೆದಿದ್ದೆ ಅಂತ ಅವಳಿಗೇ ಗೊತ್ತಾಗುತ್ತೆ. ಅಲ್ಲಿ ಮುತ್ತಿಲ್ಲ, ಮಳೆಯಿಲ್ಲ, ಅವನು ಎದುರಿಗೂ ಇಲ್ಲ. ಒಬ್ಬ ಹುಡುಗಿ ಕಾಗದ ಹಿಡಿದು ಓಡಾಡುತ್ತಿದ್ದಾಳೆ ಅಷ್ಟೇ. ಆದರೂ ಇಡೀ ಪುಸ್ತಕದಲ್ಲಿ ಅದಕ್ಕಿಂತ ಜಾಸ್ತಿ ಎದೆ ಬಡಿದುಕೊಳ್ಳುವ ಜಾಗ ನನಗೆ ಇನ್ನೊಂದಿಲ್ಲ.

ಆಮೇಲೆ ಅವಳ ತಂಗಿ ಲಿಡಿಯಾ, ವಿಕಮ್ ಅನ್ನುವವನ ಜೊತೆ ಓಡಿಹೋದಾಗ ಡಾರ್ಸಿ ದುಡ್ಡು ಕೊಟ್ಟು ಅವರ ಮದುವೆ ಮಾಡಿಸುತ್ತಾನೆ, ಎಲಿಜಬೆತ್‌ಗೆ ಗೊತ್ತಾಗಬಾರದು ಅಂತ ಮುಚ್ಚಿಡುತ್ತಾನೆ. ಕೊನೆಗೆ ಎರಡನೇ ಸಲ ಕೇಳುವಾಗ, ನಿನ್ನ ಮನಸ್ಸು ಆಗಿನ ಹಾಗೇ ಇದ್ದರೆ ಒಂದು ಮಾತು ಹೇಳು ಸಾಕು, ಇನ್ನೆಂದೂ ಈ ವಿಷಯ ಎತ್ತುವುದಿಲ್ಲ ಅನ್ನುತ್ತಾನೆ. ಬೇಡ ಅನ್ನಲು ಅವಳಿಗೆ ದಾರಿ ಬಿಟ್ಟು ಕೇಳುತ್ತಾನೆ. ಯಾವ ಪ್ರೇಮಕಥೆ ಓದಿದರೂ ನಾನು ಮೊದಲು ನೋಡುವುದು ಇದನ್ನೇ, ನೀನೂ ನೋಡು: ಅವಳು ಬೇಡ ಅಂದರೆ ಏನಾಗುತ್ತೆ? ಆ ಪ್ರಶ್ನೆಗೇ ಜಾಗ ಇಲ್ಲದ ಪುಸ್ತಕದಲ್ಲಿ ಕೊನೆಗೆ ಅವಳು ಹೂಂ ಅಂದರೂ ನನಗೆ ಏನೂ ಅನ್ನಿಸುವುದಿಲ್ಲ.

ಈಗ ಬರುತ್ತಿರುವ ರೊಮ್ಯಾಂಟಸಿಗಳಲ್ಲಿ, ಅಂದರೆ ಪ್ರೇಮ ಮತ್ತು ಮಾಯೆ ಬೆರೆತ ಕಾದಂಬರಿಗಳಲ್ಲಿ, ಹಣೆಬರಹವೇ ಗಂಟು ಹಾಕಿದ ಜೋಡಿ ಅನ್ನುವ ಸಿದ್ಧ ಕಥೆಯ ಕಟ್ಟು ಬಹಳ ಓಡುತ್ತಿದೆ. ಕಣ್ಣು ಕಣ್ಣು ಕೂಡಿದ ತಕ್ಷಣ ಇವನೇ ನನ್ನವನು ಅಂತ ಗೊತ್ತಾಗಿಬಿಡುತ್ತೆ. ನನಗೆ ಇದು ಹಿಡಿಸುವುದೇ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಯಾಕೆ ಮೆಚ್ಚಿದರು ಅಂತ ತೋರಿಸುವ ಕಷ್ಟದ ಕೆಲಸವನ್ನೇ ಲೇಖಕರು ತಪ್ಪಿಸಿಕೊಳ್ಳುತ್ತಾರೆ. ಆದರೆ ಹಣೆಬರಹದ ಪ್ರೀತಿಯನ್ನೇ ಚೆನ್ನಾಗಿ ಬರೆಯಲು ಆಗುವುದಿಲ್ಲ ಅಂತಲ್ಲ. ಏಳನೇ ಶತಮಾನದ ಬಾಣಭಟ್ಟನ 'ಕಾದಂಬರಿ'ಯೂ ಪ್ರೇಮ ಮತ್ತು ಮಾಯೆ ಎರಡೂ ಬೆರೆತ ಕಥೆಯೇ, ಅದನ್ನು ನಾಗವರ್ಮ ಕನ್ನಡಕ್ಕೆ ತಂದಿದ್ದಾನೆ. ಅಲ್ಲಿ ಕಥೆ ಹೇಳುವುದು ಒಂದು ಗಿಳಿ, ಪ್ರೇಮಿಗಳು ಸತ್ತು ಮತ್ತೆ ಹುಟ್ಟುತ್ತಾರೆ, ಚಂದ್ರನೇ ಒಂದು ಪಾತ್ರ. ಮಹಾಶ್ವೇತೆ ಪುಂಡರೀಕನನ್ನು ನೋಡಿದ ಗಳಿಗೆಯಲ್ಲೇ ಮನಸ್ಸು ಕೊಡುತ್ತಾಳೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಅವಳು ಅವನನ್ನು ಸೇರಲು ಬರುವ ಹೊತ್ತಿಗೆ ಅವನ ಪ್ರಾಣ ಹೋಗಿರುತ್ತೆ. ಮತ್ತೆ ಸೇರುತ್ತೀರಿ ಅನ್ನುವ ಒಂದು ಮಾತನ್ನು ನಂಬಿಕೊಂಡು ಅವಳು ಅಚ್ಛೋದ ಸರೋವರದ ಹತ್ತಿರ ತಪಸ್ಸು ಮಾಡುತ್ತಾ ಕಾಯುತ್ತಾಳೆ. ಹಣೆಬರಹ ಜೋಡಿ ಮಾಡಿತು ನಿಜ, ಕಾದದ್ದು ಮಾತ್ರ ಅವಳು. ಆ ಕಾಯುವಿಕೆಯಲ್ಲಿ ಅವಳು ಎಂಥವಳು ಅಂತ ನಮಗೆ ತಿಳಿಯುತ್ತೆ. ನಿನ್ನ ಪುಸ್ತಕದ ಜೋಡಿ ಒಂದು ವಾರವೂ ಕಾಯಲಿಲ್ಲ.

ಮಾಯೆಯ ವಿಷಯದಲ್ಲೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ನಿನ್ನ ಪುಸ್ತಕದಲ್ಲಿ ಮೊದಲರ್ಧದಲ್ಲಿ ಒಂದು ದೀಪ ಹಚ್ಚಲಾಗದ ಹುಡುಗಿ ಕೊನೆಯಲ್ಲಿ ಕೈ ಎತ್ತಿದರೆ ಸೈನ್ಯವೇ ಬೂದಿಯಾಗುತ್ತೆ, ಅವಳಿಗೆ ಒಂದು ತಲೆನೋವೂ ಬರುವುದಿಲ್ಲ. ಮಾಯೆಗೆ ಬೆಲೆ ಇಲ್ಲದಿದ್ದರೆ ಕಥೆಯಲ್ಲಿ ಭಯ ಇರುವುದಿಲ್ಲ. ಭಯ ಇಲ್ಲದಿದ್ದರೆ ಗೆದ್ದಾಗ ಸಂತೋಷವೂ ಇಲ್ಲ.

ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ತ್‌ಸೀ' 1968ರಲ್ಲಿ ಬಂದದ್ದು, ಚಿಕ್ಕ ಪುಸ್ತಕ. ಅಲ್ಲಿ ಒಂದು ವಸ್ತುವಿನ ನಿಜವಾದ ಹೆಸರು ಗೊತ್ತಿದ್ದರೆ ಮಾತ್ರ ಅದರ ಮೇಲೆ ಮಂತ್ರ ನಡೆಯುತ್ತೆ. ಇಲ್ಲಿ ಮಳೆ ತರಿಸಿದರೆ ಇನ್ನೆಲ್ಲೋ ಬರ ಬರಬಹುದು, ಅದಕ್ಕೇ ಗುರುಗಳು ಹುಡುಗರ ಕೈ ಹಿಡಿದು ನಿಲ್ಲಿಸುತ್ತಾರೆ. ಗೆಡ್ ಅನ್ನುವ ಹುಡುಗ ಜೊತೆಯವನ ಮುಂದೆ ತನ್ನ ಶಕ್ತಿ ತೋರಿಸುವ ಹಟಕ್ಕೆ ಬಿದ್ದು, ಸತ್ತವಳೊಬ್ಬಳನ್ನು ಕರೆಯುತ್ತಾನೆ. ಅವಳ ಜೊತೆ ಕತ್ತಲಿನಂಥದ್ದೊಂದು ನುಗ್ಗಿ ಅವನ ಮುಖವನ್ನೇ ಸೀಳುತ್ತೆ. ಅದು ನುಗ್ಗಿ ಬಂದ ಬಿರುಕನ್ನು ಮುಚ್ಚಿದ ಹಿರಿಯ ಗುರು ಸತ್ತೇ ಹೋಗುತ್ತಾರೆ. ಗೆಡ್ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾನೆ, ಗಾಯದ ಗುರುತು ಮುಖದಿಂದ ಹೋಗುವುದಿಲ್ಲ. ಒಂದು ಕ್ಷಣದ ಜಂಬಕ್ಕೆ ಇಷ್ಟು. ಉಳಿದ ಪುಸ್ತಕವೆಲ್ಲಾ ಅದರ ಲೆಕ್ಕ ತೀರಿಸುವುದೇ. ಟೋಲ್ಕಿನ್ ಅವರ ಉಂಗುರದ ಕಥೆಯಲ್ಲೂ ಹಾಗೇ. ಉಂಗುರವನ್ನು ನಾಶ ಮಾಡಲು ಅಷ್ಟು ದೂರ ಹೊತ್ತುಕೊಂಡು ಹೋದ ಫ್ರೋಡೋ ಕೊನೆಯ ಗಳಿಗೆಯಲ್ಲಿ ಉಂಗುರ ಎಸೆಯಲಾರದೆ ನನ್ನದು ಅನ್ನುತ್ತಾನೆ. ಊರಿಗೆ ವಾಪಸ್ ಬಂದರೂ ಅವನ ಗಾಯ ಮಾಯುವುದಿಲ್ಲ, ಅಲ್ಲಿ ಇರಲಾಗದೆ ಹಡಗು ಹತ್ತುತ್ತಾನೆ. ಆ ಪುಸ್ತಕ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂತು, ಆದರೆ ಅವರು ಅದನ್ನು ಒಂದೇ ಪುಸ್ತಕ ಅಂತ ಬರೆದದ್ದು, ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾಗದ ದುಬಾರಿಯಾಗಿತ್ತು ಅಂತ ಭಾಗ ಮಾಡಿದರು. ಈಗ ಒಂದು ಸಂಪುಟಕ್ಕೆ ಆಗುವಷ್ಟು ಕಥೆಯನ್ನು ಮೂರಕ್ಕೆ ಎಳೆಯುವುದು ರೂಢಿಯಾಗಿದೆ. ಎರಡನೆಯದರಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸಿದರೆ ಅಲ್ಲೇ ಮುಚ್ಚಿಡು. ದುಡ್ಡು ಕೊಟ್ಟಿದ್ದೀನಿ ಅಂತ ಮೂರನೆಯದನ್ನೂ ಓದುವುದು ಬೇಡ.

ಇನ್ನೊಂದು ಚಿಕ್ಕ ಮಾತು. ನೀನು ಪುಸ್ತಕ ಚೆನ್ನಾಗಿದೆ ಅಂತ ಬರೆಯುವಾಗ 'ಶತ್ರುಗಳು ಪ್ರೇಮಿಗಳಾಗುವ ಕಥೆ, ಇರುವುದು ಒಂದೇ ಹಾಸಿಗೆ, ಐದಕ್ಕೆ ಐದು ಸ್ಟಾರ್' ಅಂತ ಬರೆಯುತ್ತೀಯ. ಅದು ಸಾವಿರ ಪುಸ್ತಕಕ್ಕೆ ಹೊಂದುತ್ತೆ. ಇದೇ ಪುಸ್ತಕದಲ್ಲಿ ನಿನಗೆ ಹಿಡಿಸಿದ ಒಂದು ಸಾಲು, ಒಂದು ಸಂದರ್ಭ ಎತ್ತಿ ಹೇಳು. ಸಿಗಲಿಲ್ಲ ಅಂದರೆ ನಿನಗೆ ಹಿಡಿಸಿದ್ದು ಆ ಕಟ್ಟೇ ಹೊರತು ಪುಸ್ತಕ ಅಲ್ಲ. ಕೆಲವು ಸಂಜೆ ಮನಸ್ಸಿಗೆ ಅಷ್ಟೇ ಬೇಕಾಗಿರುತ್ತೆ, ಅದರಲ್ಲಿ ತಪ್ಪಿಲ್ಲ. ದಣಿದಾಗ ನಾನೂ ಅಂಥವನ್ನು ಓದುತ್ತೇನೆ, ಸಂತೋಷವಾಗಿಯೇ ಓದುತ್ತೇನೆ. ಯಾವುದು ಯಾವುದು ಅಂತ ನಿನಗೆ ಗೊತ್ತಿದ್ದರೆ ಸಾಕು.

ಮುಂದೆ ಏನು ಓದಲಿ ಅಂತಲೂ ಕೇಳಿದ್ದೀಯ. 'ಜೇನ್ ಐರ್' ಹಿಡಿ. ಜೇನ್‌ಗೆ ರಾಚೆಸ್ಟರ್ ಮೇಲೆ ಪ್ರಾಣ, ಆದರೆ ಮದುವೆಯ ದಿನ ಅವನಿಗೆ ಬದುಕಿರುವ ಹೆಂಡತಿ ಇದ್ದಾಳೆ ಅಂತ ಗೊತ್ತಾದ ಮೇಲೆ, ಅವನು ಎಷ್ಟು ಬೇಡಿಕೊಂಡರೂ ಕೇಳದೆ ಮನೆ ಬಿಟ್ಟು ಹೊರಡುತ್ತಾಳೆ. ಅವಳಿಗೆ ದುಡ್ಡಿಲ್ಲ, ದಿಕ್ಕಿಲ್ಲ. ಆ ಅಧ್ಯಾಯಗಳಿಗೆ ಬಂದಾಗ ಅವಸರ ಮಾಡಬೇಡ. ಅದು ಮುಗಿದ ಮೇಲೆ ಜೀನ್ ರೀಸ್ ಅವರ 'ವೈಡ್ ಸರ್ಗ್ಯಾಸೋ ಸೀ' ಓದು. ಅದು 1966ರದು, ಅಟ್ಟದಲ್ಲಿ ಕೂಡಿಹಾಕಿದ್ದ ಆ ಹೆಂಡತಿಯ ಕಡೆಯಿಂದ ಬರೆದದ್ದು. ಎರಡನ್ನೂ ಮುಗಿಸಿ ರಾಚೆಸ್ಟರ್ ಬಗ್ಗೆ ನಿನಗೆ ಏನನ್ನಿಸಿತು ಅಂತ ಉದ್ದಕ್ಕೆ ಬರೆದು ಕಳಿಸು. ನನಗಂತೂ ಎರಡನೆಯದು ಓದಿದ ಮೇಲೆ ಅವನನ್ನು ಮೊದಲಿನ ಹಾಗೆ ನೋಡಲು ಆಗಿಲ್ಲ, ಜೇನ್ ಮೇಲಿನ ಪ್ರೀತಿ ಮಾತ್ರ ಒಂದಿಷ್ಟೂ ಕಡಿಮೆಯಾಗಿಲ್ಲ.

ನಿನ್ನ,
ದೊಡ್ಡಮ್ಮ