ಎಫ್‌ಎಸ್‌ಎಸ್‌ಎಐ ನಂಬರ್ ಹೆಸರನ್ನು ಕಾಯದು

ಮಾನ್ಯ ಸಂಪಾದಕರೇ,

ಸಾರಿನ ಪುಡಿ, ಉಪ್ಪಿನಕಾಯಿ ಮಾಡಿ ಮಾರುವ ಎಷ್ಟೋ ಮಂದಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ನೋಂದಣಿ), ಜಿಎಸ್‌ಟಿ ನಂಬರ್ ಸಿಕ್ಕರೆ ಬ್ರ್ಯಾಂಡ್ ಹೆಸರೂ ತಮ್ಮದಾಯಿತು ಎಂದುಕೊಂಡಿದ್ದಾರೆ. ಹಾಗಿಲ್ಲ. ಹೆಸರನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ಬೇರೆಯಾಗಿಯೇ ನೋಂದಾಯಿಸಬೇಕು.

ಆನ್‌ಲೈನ್‌ನಲ್ಲಿ ಟಿಎಂ-ಎ ಎಂಬ ನೋಂದಣಿ ಅರ್ಜಿಗೆ ಸರಕಿನ ಒಂದು ವರ್ಗಕ್ಕೆ 9,000 ರೂ. ಶುಲ್ಕ. ವ್ಯಕ್ತಿಯ ಹೆಸರಲ್ಲಿ ಹಾಕಿದರೆ ಅಥವಾ ಸಣ್ಣ ಉದ್ದಿಮೆಯ ಉದ್ಯಮ್ ಪ್ರಮಾಣಪತ್ರ ಲಗತ್ತಿಸಿದರೆ 4,500 ರೂ. ಸಾಕು. ಸಾರಿನ ಪುಡಿ 30ನೇ ವರ್ಗ, ಉಪ್ಪಿನಕಾಯಿ 29. ಎರಡೂ ಬೇಕೆಂದರೆ ಶುಲ್ಕವೂ ಎರಡು ಪಟ್ಟು.

ಹೆಚ್ಚಿನವರು ಎಡವುವುದು ಹೆಸರಿನ ಆಯ್ಕೆಯಲ್ಲೇ. ‘ತಾಜಾ ಸಾರಿನ ಪುಡಿ’ ಎಂಬಂತೆ ಬರೀ ಗುಣ ಹೇಳುವ ಹೆಸರಿಗೆ ಸೆಕ್ಷನ್ 9, ಇರುವ ಹೆಸರನ್ನು ಹೋಲಿದರೆ ಸೆಕ್ಷನ್ 11ರ ಆಕ್ಷೇಪ ಬರುತ್ತದೆ. ಕಾಗುಣಿತ ಬೇರೆಯಿದ್ದು ಉಚ್ಚಾರಣೆ ಹೋಲಿದರೂ ತೊಂದರೆಯೇ. ಕವರ್ ಅಚ್ಚು ಹಾಕಿಸುವ ಮೊದಲು ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಹುಡುಕಿ ನೋಡಿ, ಅದು ಉಚಿತ.

ಅರ್ಜಿಯಲ್ಲಿ ಸೈಬರ್ ಸೆಂಟರ್‌ನವರ ಇಮೇಲ್ ಕೊಡಲೇಬೇಡಿ. ಹೆಸರನ್ನು ಪರಿಶೀಲಿಸಿ ಇಲಾಖೆ ಆಕ್ಷೇಪಗಳನ್ನು ತಿಳಿಸುವ ಪರೀಕ್ಷಾ ವರದಿ ಅಲ್ಲಿಗೆ ಹೋಗಿ ಬಿದ್ದಿರುತ್ತದೆ. ಒಂದು ತಿಂಗಳೊಳಗೆ ಉತ್ತರಿಸದಿದ್ದರೆ ಅರ್ಜಿ ಕೈಬಿಟ್ಟಂತೆ. ನೋಂದಣಿ ಆಗುವ ತನಕ ಹೆಸರಿನ ಪಕ್ಕ ‘ಟಿಎಂ’ ಎಂದಷ್ಟೇ ಹಾಕಬಹುದು, ನೋಂದಾಯಿತ ಎಂದು ಸೂಚಿಸುವ ವೃತ್ತದೊಳಗಿನ ‘ಆರ್’ ಹಾಕುವುದು ಅಪರಾಧ.

ಜಿಲ್ಲಾ ಕೈಗಾರಿಕಾ ಕೇಂದ್ರಗಳು ಸ್ವಸಹಾಯ ಸಂಘಗಳಿಗೆ ಕೊಡುವ ತರಬೇತಿಯಲ್ಲಿ ಇದಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಲಿ.

– ಟ್ರೇಡ್‌ಮಾರ್ಕ್ ಸಲಹೆಗಾರರು, ದಾವಣಗೆರೆ