ಬೆರಕೆ ಹಾಡಿಗೂ ವೇದಿಕೆ ಕೊಡಿ

ಮಾನ್ಯರೇ,

ನಮ್ಮ ಜಿಲ್ಲೆಯ ಕಾಲೇಜೊಂದರ ಜನಪದ ಗೀತೆ ಸ್ಪರ್ಧೆಯಲ್ಲಿ ಗೊಲ್ಲರ ಪದವೊಂದನ್ನು ರ‍್ಯಾಪ್‌ನೊಂದಿಗೆ ಬೆಸೆದು ಹಾಡಿದ ವಿದ್ಯಾರ್ಥಿಯನ್ನು, ಅದು ಜನಪದವೇ ಅಲ್ಲವೆಂದು ತೀರ್ಪುಗಾರರು ಕೈಬಿಟ್ಟದ್ದು ನನಗೆ ತೀವ್ರ ಬೇಸರ ತಂದಿದೆ.

ಅಮೆರಿಕದ ಲಿಲ್ ನಾಸ್ ಎಕ್ಸ್ ಎಂಬ ಯುವ ಗಾಯಕನಿಗೂ ಹೀಗೆಯೇ ಆಗಿತ್ತು. 1999ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜನಿಸಿದ ಆತ ಕಾಲೇಜು ತೊರೆದು, ಸಹೋದರಿಯ ಮನೆಯಲ್ಲಿದ್ದುಕೊಂಡು, ಅಂತರ್ಜಾಲದಲ್ಲಿ 30 ಡಾಲರ್‌ಗೆ ಕೊಂಡ ಸಂಗೀತದ ಮೇಲೆ ಅಲ್ಲಿನ ಗ್ರಾಮೀಣ ಸೊಗಡಿನ ಕಂಟ್ರಿ ಶೈಲಿಯನ್ನೂ ರ‍್ಯಾಪನ್ನೂ ಕೂಡಿಸಿ 2018ರ ಡಿಸೆಂಬರ್‌ನಲ್ಲಿ ‘ಓಲ್ಡ್ ಟೌನ್ ರೋಡ್’ ಹಾಡನ್ನು ಹೊರತಂದರು. ಮರುವರ್ಷ, ಜನಪ್ರಿಯ ಹಾಡುಗಳ ಪಟ್ಟಿ ಪ್ರಕಟಿಸುವ ಬಿಲ್‌ಬೋರ್ಡ್ ಪತ್ರಿಕೆ ಅದನ್ನು ತನ್ನ ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿತು. ಆಗ ಹಿರಿಯ ಕಂಟ್ರಿ ಗಾಯಕ ಬಿಲ್ಲಿ ರೇ ಸೈರಸ್ ಅದೇ ಹಾಡಿಗೆ ತಮ್ಮ ದನಿ ಸೇರಿಸಿದರು (ನನ್ನ ಮಟ್ಟಿಗೆ ಇಡೀ ಪ್ರಸಂಗದಲ್ಲಿ ದೊಡ್ಡ ಸಂಗತಿ ಇದೇ). ಹಾಡು ಬಿಲ್‌ಬೋರ್ಡ್‌ನ ಮುಖ್ಯ ಪಟ್ಟಿಯಲ್ಲಿ 19 ವಾರ ಅಗ್ರಸ್ಥಾನದಲ್ಲಿ ಉಳಿಯಿತು. 2020ರಲ್ಲಿ ಎರಡು ಗ್ರ್ಯಾಮಿ ಪ್ರಶಸ್ತಿಗಳೂ ಬಂದವು.

ಅಕ್ಷರ ಕಲಿಯದ ಜನಪದ ಗಾಯಕಿ ಸಿರಿಯಜ್ಜಿಯವರು ಸಾವಿರಾರು ಪದಗಳನ್ನು ನೆನಪಿನಲ್ಲೇ ಕಾಪಾಡಿಕೊಂಡು ಬಂದ ಚಳ್ಳಕೆರೆ ಸೀಮೆ ನಮ್ಮದು. ಆ ಪದಗಳ ಕಡೆಗೆ ಹದಿಹರೆಯದವರು ತಾವಾಗಿಯೇ ತಿರುಗುತ್ತಿರುವಾಗ ಬಾಗಿಲು ಮುಚ್ಚುವುದು ಸರಿಯಲ್ಲ. ಸಾಂಪ್ರದಾಯಿಕ ಗಾಯನದ ವಿಭಾಗವನ್ನು ಹಾಗೆಯೇ ಉಳಿಸಿಕೊಂಡು, ಇಂತಹ ಪ್ರಯೋಗಗಳಿಗೆ ಬೇರೊಂದು ವಿಭಾಗ ತೆರೆಯಬೇಕು ಮತ್ತು ಹಟ್ಟಿಗಳ ಹಿರಿಯ ಹಾಡುಗಾರರನ್ನು ಗೌರವಧನ ನೀಡಿ ಈ ಮಕ್ಕಳೊಂದಿಗೆ ಹಾಡಿಸಬೇಕು ಎಂದು ಸಂಘಟಕರಲ್ಲಿ ವಿನಂತಿಸುತ್ತೇನೆ.

– ಓದುಗ, ಚಿತ್ರದುರ್ಗ